ತಾರಾ: ನಮ್ಮದೂ ಹೌದು, ಐರ್ಲೆಂಡಿನದೂ ಹೌದು, ಆದರೆ ಎರಡೂ ಒಂದೇ ಅಲ್ಲ

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದ್ದೇವೆ. ಹೋದ ತಿಂಗಳು ಮಗಳು ಹುಟ್ಟಿದಳು. ಸ್ವಾತಿ ನಕ್ಷತ್ರ, ನಾಲ್ಕನೇ ಪಾದ, ‘ತಾ’ ಅಕ್ಷರ ಬಂದಿದೆ. ‘ತಾರಾ’ ಅಂತ ಇಡಬೇಕೆಂದು ನಮ್ಮಿಬ್ಬರಿಗೂ ಆಸೆ. ಆಫೀಸಿನಲ್ಲಿ ಹೇಳಿದರೆ ಎಲ್ಲರೂ ‘ಓ, ಐರಿಶ್ ಹೆಸರು!’ ಅನ್ನುತ್ತಾರೆ. ಒಂದು ವೆಬ್‌ಸೈಟಿನಲ್ಲಿ ಐರಿಶ್‌ನಲ್ಲೂ ತಾರಾ ಅಂದರೆ ನಕ್ಷತ್ರ ಅಂತಿದೆ, ಇನ್ನೊಂದರಲ್ಲಿ ಭೂದೇವಿ ಅಂತಿದೆ. ಗದಗಿನಲ್ಲಿರುವ ನಮ್ಮ ಅತ್ತೆಯವರು ಮಾತ್ರ ಬೇಡವೇ ಬೇಡ ಅನ್ನುತ್ತಿದ್ದಾರೆ. ‘ಒಬ್ಬಾಕಿ ವಾಲಿ ಹೇಣ್ತಿ, ಇನ್ನೊಬ್ಬಾಕಿ ಚಂದ್ರನ ಹಿಂದ ಹ್ವಾದಾಕಿ. ಬ್ಯಾರೆ ಹೆಸರು ಸಿಗಲಿಲ್ಲೇನು ನಿಮಗ?’ ಅಂತಾರೆ. ಇದರಲ್ಲಿ ಯಾವುದು ನಿಜ? ಈ ಹೆಸರು ಇಡಬಹುದೇ?

ಉತ್ತರ: ಇಡಬಹುದು, ಧಾರಾಳವಾಗಿ ಇಡಿ. ಆದರೆ ನೀವು ಕೇಳಿದ್ದು ಅಷ್ಟು ಸಣ್ಣ ಪ್ರಶ್ನೆಯಲ್ಲ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ವೆಬ್‌ಸೈಟುಗಳ ವಿಷಯ ಮುಗಿಸಿಬಿಡೋಣ. ಐರಿಶ್ ಭಾಷೆಯಲ್ಲಿ ತಾರಾ ಅಂದರೆ ನಕ್ಷತ್ರ ಅಲ್ಲ. ಅಲ್ಲಿ ನಕ್ಷತ್ರಕ್ಕೆ ‘ರೇಲ್ಟ’ ಅನ್ನುತ್ತಾರೆ, ಅದರಿಂದಲೇ ಆದ ‘ರೇಲ್ಟೀನ್’ ಅನ್ನುವ ಹುಡುಗಿಯರ ಹೆಸರೂ ಇದೆ. ಭೂದೇವಿಯ ಕಥೆ ಎಲ್ಲಿಂದ ಬಂತು ಅಂದರೆ, ಲ್ಯಾಟಿನ್‌ನಲ್ಲಿ ಭೂಮಿಗೆ ‘ಟೆರ್ರಾ’ ಎಂಬ ಪದವಿದೆ. ಅಮೆರಿಕದವರ ಬಾಯಲ್ಲಿ ಟೆರ್ರಾ ಮತ್ತು ಟಾರಾ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಅಷ್ಟಕ್ಕೇ ಗಂಟು ಹಾಕಿಬಿಟ್ಟಿದ್ದಾರೆ. ಮಕ್ಕಳ ಹೆಸರಿನ ವೆಬ್‌ಸೈಟುಗಳಲ್ಲಿ ಇದು ಮಾಮೂಲಿ ಚಾಳಿ. ಕೇಳಲು ಒಂದೇ ಥರ ಇದ್ದರೆ ಅರ್ಥವೂ ಒಂದೇ ಅಂದುಬಿಡುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹಾಗೇ ಇಳಿಸಿಕೊಳ್ಳುತ್ತಾರೆ. ‘ಆಸ್ಟ್ರಿಡ್’ ಅಂದರೂ ನಕ್ಷತ್ರ ಅಂತ ಬರೆದವರಿದ್ದಾರೆ. ಅದು ಸ್ಕ್ಯಾಂಡಿನೇವಿಯಾದ ಹಳೆಯ ಹೆಸರು, ಅರ್ಥ ‘ದೇವರಂತೆ ಚೆಲುವೆ’ ಅಂತ. ಅದರಲ್ಲಿ ನಕ್ಷತ್ರದ ಸುಳಿವೇ ಇಲ್ಲ.

ಹಾಗಾದರೆ ಐರ್ಲೆಂಡಿನ ತಾರಾ ಯಾವುದು? ಅದು ಒಂದು ಊರಿನ ಹೆಸರು, ಸರಿಯಾಗಿ ಹೇಳಬೇಕೆಂದರೆ ಒಂದು ಗುಡ್ಡದ ಹೆಸರು. ನೀವಿರುವ ಡಬ್ಲಿನ್‌ನಿಂದ ಸುಮಾರು 40 ಕಿ.ಮೀ. ದೂರ, ಮೀಥ್ ಕೌಂಟಿಯಲ್ಲಿದೆ. ನೋಡಲು ಹುಲ್ಲು ಬೆಳೆದ ದಿಬ್ಬ ಅಷ್ಟೇ, ಆದರೆ ಐರ್ಲೆಂಡಿನ ಹಳೆಯ ‘ಮಹಾರಾಜ’ರ ಪೀಠ ಅಂತ ಅದಕ್ಕೆ ಭಾರಿ ಗೌರವ. ಅಲ್ಲಿನ ಒಂದು ದಿಬ್ಬದೊಳಗಿನ ಸಮಾಧಿ ಸುಮಾರು 5000 ವರ್ಷ ಹಳೆಯದು. ಮೇಲೆ ‘ಲಿಯಾ ಫಾಲ್’ ಅನ್ನುವ ಒಂದು ಕಲ್ಲು ನಿಂತಿದೆ. ನಿಜವಾದ ರಾಜ ಮುಟ್ಟಿದರೆ ಅದು ಕೂಗುತ್ತಿತ್ತು ಅಂತ ಅಲ್ಲಿನ ಐತಿಹ್ಯ. ಐರಿಶ್ ಜನನಾಯಕ ಡೇನಿಯಲ್ ಓಕಾನಲ್ 1843ರ ಆಗಸ್ಟ್ 15ರಂದು ಬ್ರಿಟಿಷರ ಜೊತೆಗಿನ ಒಕ್ಕೂಟ ರದ್ದಾಗಬೇಕೆಂದು ಲಕ್ಷಗಟ್ಟಲೆ ಜನರನ್ನು ಸೇರಿಸಿದ್ದು ಇದೇ ಗುಡ್ಡದ ಮೇಲೆ. (ಹೌದು, ಆಗಸ್ಟ್ 15. ಕಾಕತಾಳೀಯ, ಬೇರೇನೂ ಹುಡುಕಬೇಡಿ.)

ಐರಿಶ್‌ನಲ್ಲಿ ಆ ಗುಡ್ಡದ ಹೆಸರು ಹೆಚ್ಚುಕಡಿಮೆ ‘ಟ್ಯೌರ್’ ಅಂತ ಕೇಳಿಸುತ್ತದೆ. ವಿಭಕ್ತಿ ಸೇರಿದಾಗ ಅದರ ರೂಪ ಬದಲಾಗುತ್ತದೆ. ಆ ರೂಪವನ್ನು ಇಂಗ್ಲಿಷಿನವರು ತಮಗೆ ಕೇಳಿಸಿದ ಹಾಗೆ ಬರೆದುಕೊಂಡಾಗ ಟಾರಾ ಆಯಿತು. ನಮ್ಮ ಶ್ರೀರಂಗಪಟ್ಟಣ ಸೆರಿಂಗಪಟಂ ಆಗಲಿಲ್ಲವೇ, ಹಾಗೆ. ಮೂಲ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ದೂರದವರೆಗೂ ಕಾಣುವ ಎತ್ತರದ ಜಾಗ’ ಅಂತ ಕೆಲವರು ಹೇಳುತ್ತಾರೆ, ‘ಪೂಜೆಗೆಂದು ಬೇರೆ ಮಾಡಿಟ್ಟ ಜಾಗ’ ಅಂತ ಇನ್ನು ಕೆಲವರು. ಹಳೆಯ ಐರಿಶ್ ಸ್ಥಳಪುರಾಣ ಕೇಳಿದರೆ ಅದು ಬೇರೆಯದೇ ಕಥೆ ಹೇಳುತ್ತದೆ: ಟೇಯಾ ಅನ್ನುವ ರಾಣಿಯನ್ನು ಅಲ್ಲಿ ಮಣ್ಣು ಮಾಡಿದರು, ‘ಟೇಯಾಳ ಗೋಡೆ’ ಅನ್ನುವುದೇ ಊರಿನ ಹೆಸರಾಯಿತು ಅಂತ. ನಮ್ಮೂರುಗಳಲ್ಲೂ ಇಂಥ ಕಥೆಗಳಿಗೆ ಬರವಿಲ್ಲ, ಅಲ್ವಾ.

ಇನ್ನೊಂದು ವಿಷಯ ನಿಮ್ಮ ಆಫೀಸಿನವರಿಗೇ ಗೊತ್ತಿರಲಿಕ್ಕಿಲ್ಲ. ಹಳೆಯ ಕಾಲದ ಐರಿಶ್ ಹೆಂಗಸರು ಈ ಹೆಸರು ಇಟ್ಟುಕೊಳ್ಳುತ್ತಿರಲಿಲ್ಲ. ಗುಡ್ಡದ ಹೆಸರು ಹುಡುಗಿಯ ಹೆಸರಾಗಿದ್ದು ಈಚೆಗೆ, ಅದೂ ಸುತ್ತುದಾರಿಯಲ್ಲಿ. 1936ರಲ್ಲಿ ಅಮೆರಿಕದಲ್ಲಿ ‘ಗಾನ್ ವಿತ್ ದ ವಿಂಡ್’ ಕಾದಂಬರಿ ಬಂತು, 1939ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಜಮೀನ್ದಾರನೊಬ್ಬ ತನ್ನ ತೋಟಕ್ಕೆ ಟಾರಾ ಅಂತ ಹೆಸರಿಟ್ಟಿರುತ್ತಾನೆ. ಅಲ್ಲಿಂದ ಅಮೆರಿಕದ ಅಪ್ಪ-ಅಮ್ಮಂದಿರಿಗೆ ಈ ಶಬ್ದ ಹಿಡಿಸಿತು, 1970ರ ದಶಕದಲ್ಲಿ ಅಲ್ಲಿ ಎಲ್ಲೆಲ್ಲೂ ಟಾರಾಗಳು. ಬ್ರಿಟನ್ನಿನಲ್ಲೂ 1968ರ ಹೊತ್ತಿಗೆ ಒಂದು ಜನಪ್ರಿಯ ಪತ್ತೇದಾರಿ ಟಿವಿ ಧಾರಾವಾಹಿಯ ನಾಯಕಿಗೆ ಇದೇ ಹೆಸರಿತ್ತು. ಅಂದರೆ ನಿಮ್ಮ ಸಹೋದ್ಯೋಗಿಗಳು ‘ನಮ್ಮ ಹೆಸರು’ ಅನ್ನುವುದು ಸುಳ್ಳಲ್ಲ, ಆದರೆ ಹುಡುಗಿಯರ ಹೆಸರಾಗಿ ಅದರ ಆಯಸ್ಸು ನಮ್ಮದರ ಮುಂದೆ ತೀರಾ ಕಡಿಮೆ.

ಡಬ್ಲಿನ್‌ನ ನ್ಯಾಷನಲ್ ಮ್ಯೂಸಿಯಂಗೆ ಹೋದರೆ ‘ಟಾರಾ ಬ್ರೋಚ್’ ನೋಡಿಬನ್ನಿ. ಸುಮಾರು ಎಂಟನೇ ಶತಮಾನದ್ದು, ಅದರ ಬಳೆಯಂಥ ಭಾಗ ಅಂಗೈಗಿಂತ ಚಿಕ್ಕದು. ಶಾಲು ಜಾರದಂತೆ ಚುಚ್ಚಿಕೊಳ್ಳುವ ದೊಡ್ಡ ಪಿನ್ನು ಅನ್ನಿ. ಬೆಳ್ಳಿಯ ಮೇಲೆ ಚಿನ್ನದ ತಂತಿಯಲ್ಲಿ ಮಾಡಿದ ಕುಸುರಿ ಎಷ್ಟು ಸೂಕ್ಷ್ಮವೆಂದರೆ ಬರಿಗಣ್ಣಿಗೆ ಅರ್ಧವೂ ಕಾಣುವುದಿಲ್ಲ. ಅದಕ್ಕೂ ಟಾರಾ ಗುಡ್ಡಕ್ಕೂ ಸಂಬಂಧ ಏನು ಗೊತ್ತೇ? ಏನೂ ಇಲ್ಲ. 1850ರಲ್ಲಿ ಅದು ಸಿಕ್ಕಿದ್ದು ಸಮುದ್ರ ತೀರದ ಬೆಟಿಸ್ಟೌನ್ ಹತ್ತಿರ. ಕೊಂಡುಕೊಂಡ ಆಭರಣ ವ್ಯಾಪಾರಿ, ರಾಜರ ಗುಡ್ಡದ ಹೆಸರು ಅಂಟಿಸಿದರೆ ಅದರ ನಕಲುಗಳು ಚೆನ್ನಾಗಿ ಖರ್ಚಾಗುತ್ತವೆ ಅಂತ ಲೆಕ್ಕ ಹಾಕಿದ. ಆ ಲೆಕ್ಕ ಸರಿಯಾಗೇ ಇತ್ತು.

ಈಗ ನಮ್ಮ ತಾರಾಗೆ ಬರೋಣ. ಇಲ್ಲಿ ಒಂದೇ ಹೆಸರಿನೊಳಗೆ ಎರಡು ಅರ್ಥ ಸೇರಿಕೊಂಡಿವೆ.

ಒಂದು ನಿಮಗೆ ಗೊತ್ತಿರುವ ನಕ್ಷತ್ರ. ಇದು ಬಹಳ ಹಳೆಯ ಶಬ್ದ. ಇಂಗ್ಲಿಷಿನ ಸ್ಟಾರ್, ಲ್ಯಾಟಿನ್ನಿನ ಸ್ಟೆಲ್ಲಾ, ಪಾರ್ಸಿಯ ಸಿತಾರಾ ಎಲ್ಲವೂ ಇದರ ದಾಯಾದಿಗಳು, ಸಂಸ್ಕೃತದಲ್ಲಿ ಮಾತ್ರ ಮೊದಲಿನ ‘ಸ’ ಬಿದ್ದುಹೋಗಿದೆ. ಹಾಗಾಗಿ ಯುರೋಪಿನಲ್ಲಿ ನಿಮ್ಮ ಮಗಳಿಗೆ ಅರ್ಥದಲ್ಲಿ ನಿಜವಾದ ಅಕ್ಕತಂಗಿ ಬೇಕೆಂದರೆ ಅವಳು ಐರಿಶ್ ಟಾರಾ ಅಲ್ಲ, ಸ್ಟೆಲ್ಲಾ. ನಮ್ಮ ಮದುವೆಗಳಲ್ಲಿ ಪುರೋಹಿತರು ‘ತಾರಾಬಲಂ ಚಂದ್ರಬಲಂ ತದೇವ’ ಅನ್ನುವಾಗ ಬರುವುದೂ ಈ ನಕ್ಷತ್ರದ ತಾರೆಯೇ.

ಎರಡನೆಯದು ದಾಟಿಸುವವಳು. ‘ತೃ’ ಅನ್ನುವ ಧಾತುವಿಗೆ ದಾಟು ಅಂತ ಅರ್ಥ. ಹೊಳೆ ದಾಟುವ ಜಾಗ ತೀರ್ಥ, ದಾಟಿಸುವ ಮಂತ್ರ ತಾರಕ, ಮೇಲಿಂದ ಇಳಿದು ಬಂದದ್ದು ಅವತಾರ. ‘ಏನಮ್ಮಾ ಇದು ನಿನ್ನ ಅವತಾರ’ ಅಂತ ಮುಂದೆ ನೀವು ಮಗಳನ್ನು ಬೈಯುವಾಗಲೂ ಅವಳ ಹೆಸರಿನ ನೆಂಟ ಶಬ್ದವನ್ನೇ ಬಳಸುತ್ತಿರುತ್ತೀರಿ.

ಈ ಎರಡನೇ ಅರ್ಥವನ್ನು ಹಿಡಿದು ಬೆಳೆದವಳು ಬೌದ್ಧರ ತಾರಾದೇವಿ. ಅವಳ ಬಗ್ಗೆ ಟಿಬೆಟಿನವರು ಹೇಳುವ ಕಥೆ ನನಗೆ ಬಹಳ ಇಷ್ಟ. ಹಿಂದೆ ಒಬ್ಬ ರಾಜಕುಮಾರಿ ತುಂಬಾ ಸಾಧನೆ ಮಾಡಿದಳು. ಭಿಕ್ಷುಗಳು ಬಂದು, ‘ಇಷ್ಟು ಪುಣ್ಯ ಮಾಡಿದ್ದೀಯ, ಮುಂದಿನ ಜನ್ಮದಲ್ಲಿ ಗಂಡಾಗಿ ಹುಟ್ಟುವಂತೆ ಕೇಳಿಕೋ, ಬೇಗ ಬುದ್ಧತ್ವ ಸಿಗುತ್ತದೆ’ ಅಂದರು. ಅವಳು, ಗಂಡು ಹೆಣ್ಣು ಅನ್ನುವುದೆಲ್ಲ ಬರೀ ಹೆಸರು, ಗಂಡಿನ ರೂಪದಲ್ಲಿ ಸಾಧಿಸಲು ಹೊರಟವರು ಬೇಕಾದಷ್ಟು ಜನ ಇದ್ದಾರೆ, ನಾನು ಲೋಕದ ಕೆಲಸ ಮುಗಿಯುವವರೆಗೂ ಹೆಣ್ಣಾಗಿಯೇ ಬರುತ್ತೇನೆ ಅಂದಳು. ಅವಳೇ ತಾರಾ ಆದಳು. ಟಿಬೆಟಿನವರು ಅವಳ ಹೆಸರನ್ನು ನಕ್ಷತ್ರ ಅಂತ ತಿಳಿಯಲಿಲ್ಲ, ‘ಬಿಡುಗಡೆ ಮಾಡುವವಳು’ ಅಂತ ತಿಳಿದು ಡೋಲ್ಮಾ ಅಂತ ಕರೆದರು. ಬೈಲಕುಪ್ಪೆಯಲ್ಲೋ ಮುಂಡಗೋಡಿನಲ್ಲೋ ನಿಮಗೆ ಡೋಲ್ಮಾ ಅನ್ನುವ ಹುಡುಗಿ ಸಿಕ್ಕರೆ ಅವಳು ನಿಮ್ಮ ಮಗಳ ಹೆಸರಿನವಳೇ. ಮಂಗೋಲಿಯಾದವರೆಗೂ ಈ ದೇವಿ ಹೋಗಿದ್ದಾಳೆ. ಜಾವಾದ ಕಲಸನ್ ಎಂಬಲ್ಲಿ ಇವಳ ಗುಡಿ ಕಟ್ಟಿಸಿದ ಶಾಸನ ಇದೆ, ಇಸವಿ 778.

ಅಷ್ಟು ದೂರ ಯಾಕೆ, ನಿಮ್ಮ ಅತ್ತೆಯವರ ಊರಿನ ಪಕ್ಕಕ್ಕೇ ಬನ್ನಿ. ಗದಗದಿಂದ ಮುಂಡರಗಿ ಕಡೆ ಹೋದರೆ ಡಂಬಳ ಸಿಗುತ್ತದೆ. ಜನ ಅಲ್ಲಿಗೆ ಹೋಗುವುದು ದೊಡ್ಡಬಸಪ್ಪನ ಗುಡಿ ನೋಡಲು, ಆ ಗುಡಿಯ ತಳವಿನ್ಯಾಸವೇ ನಕ್ಷತ್ರದ ಆಕಾರದ್ದು. ಆದರೆ ಅದೇ ಊರಿನಲ್ಲಿ 1095ರ ಒಂದು ಶಾಸನ ಸಿಕ್ಕಿದೆ, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ್ದು. ಅದರಲ್ಲಿ ಎರಡು ಬೌದ್ಧ ವಿಹಾರಗಳ ಮಾತಿದೆ. ಒಂದನ್ನು ಊರಿನ ಶೆಟ್ಟಿಗಳು ಬುದ್ಧನಿಗೆ ಕಟ್ಟಿಸಿದ್ದು. ಇನ್ನೊಂದು ಆರ್ಯ ತಾರಾದೇವಿಯದು, ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಇವತ್ತಿನ ಲಕ್ಕುಂಡಿಯ, ಒಬ್ಬ ಶೆಟ್ಟಿ. ಶೆಟ್ಟಿಗಳೇ ಯಾಕೆ ಅಂತ ಕೇಳಿದರೆ ಅದಕ್ಕೆ ಕಾರಣ ಇದೆ. ತಾರೆ ಕಾಪಾಡುವುದು ಎಂಟು ಭಯಗಳಿಂದ ಅಂತ ನಂಬಿಕೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ. ಎತ್ತಿನ ಮೇಲೆ ಸರಕು ಹೇರಿಕೊಂಡು ಕಾಡು ದಾಟಿ, ಹೊಳೆ ದಾಟಿ, ಸುಂಕದವರನ್ನೂ ದರೋಡೆಕೋರರನ್ನೂ ದಾಟಿ ಹೋಗುವ ವ್ಯಾಪಾರಿಗೆ ಇದಕ್ಕಿಂತ ಸರಿಯಾದ ದೇವಿ ಬೇರೆ ಯಾರು? ಬಳ್ಳಿಗಾವಿಯಲ್ಲೂ ಹನ್ನೊಂದನೇ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ಅಲ್ಲೂ ತಾರಾ ಭಗವತಿಗೆ ಪೂಜೆ ನಡೆಯುತ್ತಿತ್ತು. ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಮಾಸುತ್ತ ಬಂದ ಕಾಲದಲ್ಲೂ ಈಕೆಗೆ ದೀಪ ಹಚ್ಚುವವರಿದ್ದರು. ಅತ್ತೆಯವರಿಗೆ ಇದನ್ನೇ ಮೊದಲು ಹೇಳಿ. ಬೇರೆ ದೇಶದ ಹೆಸರು, ಫ್ಯಾಷನ್ನು ಅನ್ನುವ ಅನುಮಾನವಿದ್ದರೆ ಅಲ್ಲಿಗೆ ಮುಗಿಯಿತು.

ಇನ್ನು ಅವರ ಆಕ್ಷೇಪ. ಇದನ್ನು ನಕ್ಕು ತಳ್ಳಿಹಾಕಬಾರದು. ಹೆಸರಿಡುವಾಗ ಹಿರಿಯರು ‘ಈ ಹೆಸರಿನವರ ಬಾಳು ಹೇಗಿತ್ತು’ ಅಂತ ನೋಡುವುದು ನಮ್ಮಲ್ಲಿ ಮೊದಲಿಂದ ಬಂದದ್ದು. ಹಾಗೇ ನೋಡೋಣ.

ಚಂದ್ರನ ಹಿಂದೆ ಹೋದವಳು ಅನ್ನುವುದು ಬೃಹಸ್ಪತಿಯ ಹೆಂಡತಿ ತಾರೆಯ ಬಗ್ಗೆ. ಆಮೇಲಿನ ಶೃಂಗಾರ ಕಾವ್ಯಗಳು, ನಾಟಕಗಳು ಇದನ್ನು ಪ್ರೇಮಕಥೆ ಮಾಡಿ ಅವಳಿಗೆ ಈ ಕೆಟ್ಟ ಹೆಸರು ತಂದವು. ಭಾಗವತದ ಒಂಬತ್ತನೇ ಸ್ಕಂಧ ತೆಗೆದು ನೋಡಿದರೆ ಅಲ್ಲಿರುವುದೇ ಬೇರೆ. ರಾಜಸೂಯ ಮಾಡಿ ಸೊಕ್ಕಿದ ಚಂದ್ರ ಅವಳನ್ನು ಬಲಾತ್ಕಾರದಿಂದ ಎತ್ತಿಕೊಂಡು ಹೋದ ಅಂತ ಸ್ಪಷ್ಟವಾಗಿದೆ. ಗುರು ಮತ್ತೆ ಮತ್ತೆ ಬೇಡಿದರೂ ಬಿಡಲಿಲ್ಲ, ಅದಕ್ಕಾಗಿ ದೇವಾಸುರ ಯುದ್ಧವೇ ಆಯಿತು, ಕೊನೆಗೆ ಬ್ರಹ್ಮ ಬೈದ ಮೇಲೆ ಕಳಿಸಿಕೊಟ್ಟ. ಮಗು ಹುಟ್ಟಿದಾಗ ಗಂಡನೂ ಚಂದ್ರನೂ ‘ನನ್ನದು, ನನ್ನದು’ ಅಂತ ಜಗಳಕ್ಕೆ ನಿಂತರು. ಋಷಿಗಳೂ ದೇವತೆಗಳೂ ಸುತ್ತ ನಿಂತು ಕೇಳಿದರೆ ಅವಳು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಬ್ರಹ್ಮ ಪಕ್ಕಕ್ಕೆ ಕರೆದು ಸಮಾಧಾನವಾಗಿ ಕೇಳಿದಾಗ ಮೆಲ್ಲಗೆ ‘ಸೋಮನದು’ ಅಂದಳು. ಎಲ್ಲರೆದುರು ಅವಳನ್ನು ನಿಲ್ಲಿಸಿದವರನ್ನು ಬಿಟ್ಟು ಅವಳನ್ನು ದೂರಿದರೆ ಹೇಗೆ? ಆ ಮಗುವೇ ಬುಧ. ಬುಧನಿಂದ ಪುರೂರವ, ಅಲ್ಲಿಂದ ಇಡೀ ಚಂದ್ರವಂಶ, ಯದುಗಳು, ಪಾಂಡವರು. ನಮ್ಮ ಹೊಯ್ಸಳರು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ವಂಶಾವಳಿಯೂ ಇದೇ ಬುಧನನ್ನು ಹಾದು ಬರುತ್ತದೆ. ಬೇಲೂರು ಕಟ್ಟಿಸಿದವರಿಗೆ ಈ ಅಜ್ಜಿಯ ಬಗ್ಗೆ ಯಾವ ಸಂಕೋಚವೂ ಇರಲಿಲ್ಲ.

ವಾಲಿಯ ಹೆಂಡತಿ ತಾರೆ ಇನ್ನೂ ದೊಡ್ಡವಳು. ನನ್ನ ಮಟ್ಟಿಗೆ ಕಿಷ್ಕಿಂಧಾಕಾಂಡದಲ್ಲಿ ಎಲ್ಲರಿಗಿಂತ ತಲೆ ಓಡಿಸುವವಳು ಅವಳೇ. ಸೋತು ಓಡಿಹೋದ ಸುಗ್ರೀವ ಮತ್ತೆ ಬಂದು ಬಾಗಿಲಲ್ಲಿ ನಿಂತು ಗರ್ಜಿಸುತ್ತಾನೆ. ವಾಲಿ ಎದ್ದು ಹೊರಡುತ್ತಾನೆ. ತಾರೆ ತಡೆದು, ಈಗ ತಾನೇ ಪೆಟ್ಟು ತಿಂದು ಹೋದವನು ಇಷ್ಟು ಬೇಗ ಬಂದಿದ್ದಾನೆ ಅಂದರೆ ಬೆನ್ನಿಗೆ ಯಾರೋ ಇದ್ದಾರೆ, ಅಂಗದನಿಗೆ ಗೂಢಚಾರರಿಂದ ಸುದ್ದಿ ಬಂದಿದೆ, ಅಯೋಧ್ಯೆಯ ರಾಮಲಕ್ಷ್ಮಣರು ಅವನ ಜೊತೆ ಸೇರಿದ್ದಾರೆ, ತಮ್ಮನ ಜೊತೆ ರಾಜಿ ಮಾಡಿಕೋ ಅನ್ನುತ್ತಾಳೆ. ಅವನು ಕೇಳಲಿಲ್ಲ, ಸತ್ತ. ಸಾಯುವಾಗ ಅವನಿಗೇ ಅದು ಅರ್ಥವಾಗಿದೆ. ಸುಷೇಣನ ಮಗಳಾದ ಇವಳು ಸೂಕ್ಷ್ಮ ವಿಷಯ ತೀರ್ಮಾನಿಸುವುದರಲ್ಲಿ ನಿಪುಣೆ, ಇವಳು ಸರಿ ಅಂದದ್ದನ್ನು ಅನುಮಾನ ಪಡದೆ ಮಾಡು ಅಂತ ಸುಗ್ರೀವನಿಗೆ ಹೇಳಿ ಹೋಗುತ್ತಾನೆ. ಆಮೇಲೆ ಲಕ್ಷ್ಮಣ ಕೆಂಡಾಮಂಡಲವಾಗಿ ಕಿಷ್ಕಿಂಧೆಗೆ ನುಗ್ಗಿದಾಗ ಸುಗ್ರೀವ ಕುಡಿದು ಬಿದ್ದಿದ್ದ. ಎದುರು ಹೋಗಿ ಮಾತಾಡಿ ಅವನ ಸಿಟ್ಟು ಇಳಿಸಿದವಳು ಯಾರು? ತಾರೆ. ಇದೆಲ್ಲ ನಡೆದದ್ದು ಹಂಪಿ–ಆನೆಗೊಂದಿ ಕಡೆಯೇ ಅಂತ ನಮ್ಮ ನಂಬಿಕೆ. ನಿಂಬಾಪುರದ ಹತ್ತಿರದ ಬೂದಿ ದಿಬ್ಬವನ್ನು ಜನ ಈಗಲೂ ವಾಲಿಯನ್ನು ಸುಟ್ಟ ಜಾಗ ಅಂತ ತೋರಿಸುತ್ತಾರೆ.

ಮತ್ತೆ ಒಂದು ಮಾತು. ಅತ್ತೆಯವರು ಬೆಳಗ್ಗೆ ಎದ್ದು ಶ್ಲೋಕ ಹೇಳುವವರಾಗಿದ್ದರೆ ‘ಅಹಲ್ಯಾ ದ್ರೌಪದೀ ಸೀತಾ ತಾರಾ ಮಂಡೋದರೀ ತಥಾ’ ಅಂತ ದಿನಾ ಹೇಳುತ್ತಿರಬಹುದು. ಸೀತೆಯ ಪಕ್ಕದಲ್ಲೇ ತಾರೆ ಇದ್ದಾಳೆ. ನೆನೆದರೆ ಪಾಪ ಕಳೆಯುವ ಹೆಸರು, ಕರೆದರೆ ಅಶುಭ ಹೇಗಾಗುತ್ತದೆ ಅಂತ ಮೆತ್ತಗೆ ಕೇಳಿ ನೋಡಿ. ಗಟ್ಟಿ ದನಿಯಲ್ಲಿ ಬೇಡ. ನಿಮ್ಮ ಕಡೆಯ ಹಳೇ ತಲೆಮಾರಿನಲ್ಲಿ ತಾರಾಬಾಯಿಯರೂ ಇರಬೇಕು. 1700ರಲ್ಲಿ ಗಂಡ ರಾಜಾರಾಮ ತೀರಿಕೊಂಡ ಮೇಲೆ ಮರಾಠರ ದಂಡನ್ನು ನಡೆಸಿ ಔರಂಗಜೇಬನನ್ನು ಸತಾಯಿಸಿದ ರಾಣಿಯ ಹೆಸರು ಅದು.

ಉಳಿದ ಕಡೆ ಬೇಗ ಹೇಳಿ ಮುಗಿಸುತ್ತೇನೆ. ಬಂಗಾಳದಲ್ಲಿ ತಾರಾ ದಶಮಹಾವಿದ್ಯೆಗಳಲ್ಲಿ, ಅಂದರೆ ದೇವಿಯ ಹತ್ತು ರೂಪಗಳಲ್ಲಿ, ಒಬ್ಬಳು, ಬೀರ್‌ಭೂಮ್‌ನ ತಾರಾಪೀಠ ಅವಳದೇ. ಪಂಜಾಬಿನಲ್ಲಿ ಇದು ಗಂಡಸರ ಹೆಸರೂ ಹೌದು, ಸಿಖ್ ನಾಯಕ ಮಾಸ್ಟರ್ ತಾರಾ ಸಿಂಗ್ ನೆನಪಿರಬಹುದು. ಹಿಂದಿ, ಪಂಜಾಬಿಯಲ್ಲಿ ತಾರಾ ಪುಲ್ಲಿಂಗ ಶಬ್ದ. ಮಾಂಟೆನೆಗ್ರೋದಲ್ಲಿ ತಾರಾ ಅನ್ನುವ ನದಿ ಇದೆ, ಅದರ ಕಮರಿ 1300 ಮೀಟರ್ ಆಳ. ಸೆರ್ಬಿಯಾದಲ್ಲಿ ತಾರಾ ಬೆಟ್ಟವಿದೆ. ಆ ಕಡೆ ಹುಡುಗಿಯರಿಗೂ ಈ ಹೆಸರಿಡುತ್ತಾರೆ, ನಮ್ಮ ತಾರೆಗೆ ಸಂಬಂಧವಿಲ್ಲ. ಜಪಾನಿನಲ್ಲಿ ತಾರಾ ಅಂದರೆ ಒಂದು ಜಾತಿಯ ಮೀನು. ಸ್ಪ್ಯಾನಿಷ್‌ನಲ್ಲಿ ಕುಂದು, ದೋಷ ಅನ್ನುವ ಅರ್ಥವಿದೆ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಭಾಷೆಯಲ್ಲೂ ಒಳ್ಳೆಯ ಅರ್ಥವೇ ಬರುವ ಹೆಸರು ಬೇಕು ಅಂತ ಕೂತರೆ ಮಗು ಶಾಲೆಗೆ ಸೇರುವವರೆಗೂ ‘ಪಾಪು’ ಅಂತಲೇ ಕರೆಯಬೇಕಾಗುತ್ತದೆ.

ಕೊನೆಗೆ ಸ್ಪೆಲಿಂಗ್. ನೀವು ಕೇಳಿಲ್ಲ, ಆದರೆ ನಿಜವಾದ ತಲೆನೋವು ಇಲ್ಲೇ ಇರುವುದು. ನಮ್ಮಲ್ಲಿ ‘ತ’ ಅಂತ ಓದಿಸಲು ಟಿ ಪಕ್ಕ ಎಚ್ ಹಾಕುವುದು ರೂಢಿ. ಇಂಗ್ಲೆಂಡು, ಅಮೆರಿಕದಲ್ಲಿ ಹಾಗೆ ಬರೆದರೆ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಟ್ಟು ಓದುತ್ತಾರೆ. ತಮಾಷೆ ಏನೆಂದರೆ ಐರ್ಲೆಂಡಿನಲ್ಲಿ ಬಹಳ ಜನ ಆ ಟಿಎಚ್ ಅನ್ನು ಹೆಚ್ಚುಕಡಿಮೆ ನಮ್ಮ ‘ತ’ ಥರವೇ ಉಚ್ಚರಿಸುತ್ತಾರೆ. ಹಾಗಾಗಿ ಎಚ್ ಹಾಕಿದರೆ ಡಬ್ಲಿನ್‌ನಲ್ಲಿ ‘ತಾರಾ’ಗೆ ಹತ್ತಿರ ಬರುತ್ತದೆ, ಲಂಡನ್ನಿಗೆ ಹೋದರೆ ಕೆಡುತ್ತದೆ. ಎಚ್ ಇಲ್ಲದೆ ಟಿ-ಎ-ಆರ್-ಎ ಅಂತ ಬರೆದರೆ ಅಲ್ಲಿನವರು ‘ಟ್ಯಾರಾ’ ಅಂತಾರೆ, ಆದರೆ ಯಾರೂ ಸ್ಪೆಲಿಂಗ್ ಕೇಳುವುದಿಲ್ಲ, ಯಾರೂ ತಪ್ಪು ಬರೆಯುವುದಿಲ್ಲ. ಎ ಎರಡು ಸಲ ಹಾಕುವುದು ಸುಮ್ನೆ ಗೊಂದಲ. ನನ್ನನ್ನು ಕೇಳಿದರೆ ಎಚ್ ಬೇಡ. ಹೊರಗೆ ಟ್ಯಾರಾ, ಮನೆಯಲ್ಲಿ ತಾರಾ ಅಂತ ಎರಡಕ್ಕೂ ಓಗೊಡುವುದು ಮಕ್ಕಳಿಗೆ ಬಹಳ ಬೇಗ ಅಭ್ಯಾಸವಾಗುತ್ತದೆ. ಐರ್ಲೆಂಡಿನಲ್ಲಿ ಜನನ ನೋಂದಣಿಗೆ ಮೂರು ತಿಂಗಳ ಅವಧಿ ಇರುವುದರಿಂದ ಗದಗಿಗೆ ಫೋನ್ ಮಾಡಿ ಮಾತಾಡಲು ಇನ್ನೂ ಸಮಯವಿದೆ. ಅಲ್ಲಿ ಯಾವ ಸ್ಪೆಲಿಂಗ್ ಬರೆಸುತ್ತೀರೋ ಪಾಸ್‌ಪೋರ್ಟಿಗೂ ಅದೇ ಇರಲಿ.